ನೆಗಡಿ ಒಂದೇ, ಕಷಾಯ ಮೂರು: ಚೀನೀ ವೈದ್ಯದ ಲೆಕ್ಕಾಚಾರ

ಮೂವರಿಗೂ ನೆಗಡಿ, ಮೂವರಿಗೂ ಜ್ವರ. ಮೊದಲನೆಯವರಿಗೆ ಗಾಳಿ ಸೋಕಿದರೆ ಸಾಕು, ಮೈ ಜುಮ್ಮೆನ್ನುತ್ತದೆ. ಆದರೂ ಕತ್ತಿನ ಹಿಂದೆ ಸಣ್ಣಗೆ ಬೆವರಿದೆ. ಎರಡನೆಯವರು ಎರಡು ರಗ್ಗು ಹೊದ್ದರೂ ನಡುಗುತ್ತಿದ್ದಾರೆ, ಮೈಕೈಯೆಲ್ಲ ನೋವು, ಒಂದು ಹನಿ ಬೆವರಿಲ್ಲ. ಮೂರನೆಯವರಿಗೆ ಚಳಿ ಅಷ್ಟಾಗಿ ಇಲ್ಲ. ಗಂಟಲು ಕೆಂಪಾಗಿ ಉರಿಯುತ್ತಿದೆ, ಬಾಯಾರಿಕೆ ಹೆಚ್ಚು, ನಾಲಿಗೆಯ ತುದಿ ಕೆಂಪು. ಕ್ಲಿನಿಕ್ಕಿಗೆ ಹೋದರೆ ಮೂವರಿಗೂ ಬಹುಶಃ ಒಂದೇ ಪ್ಯಾರಸಿಟಮಾಲ್ ಚೀಟಿ ಸಿಗುತ್ತದೆ. ಚೀನಾದ ಸಾಂಪ್ರದಾಯಿಕ ವೈದ್ಯರ ಬಳಿ ಹೋದರೆ ಮೂರು ಬೇರೆ ಬೇರೆ ಕಷಾಯ ಸಿಗುತ್ತದೆ. ಜೊತೆಗೆ, ಒಬ್ಬರ ಕಷಾಯವನ್ನು ಇನ್ನೊಬ್ಬರು ಕುಡಿಯಕೂಡದು ಎಂಬ ಎಚ್ಚರಿಕೆಯೂ ಸಿಗುತ್ತದೆ.

ಚೀನೀ ವೈದ್ಯವೆಂದರೆ ಸೂಜಿ, ಜಿನ್ಸೆಂಗ್, ಕಪ್ಪು-ಬಿಳಿ ಚಕ್ರದ ಚಿತ್ರ ಎಂದಷ್ಟೇ ಗೊತ್ತಿರುವವರು ಈ ಮೂರು ಕಷಾಯಗಳಿಂದ ಶುರು ಮಾಡುವುದು ಒಳ್ಳೆಯದು. ಆ ಪದ್ಧತಿಯ ತಿರುಳು ಇರುವುದು ಅಲ್ಲೇ. ರೋಗದ ಹೆಸರಿಗಿಂತ ರೋಗಿ ಈ ಹೊತ್ತಿನಲ್ಲಿ ಯಾವ ಸ್ಥಿತಿಯಲ್ಲಿದ್ದಾರೆ ಎಂಬುದು ಅವರಿಗೆ ಮುಖ್ಯ. ಲಕ್ಷಣಗಳನ್ನೆಲ್ಲ ಒಟ್ಟು ಹಾಕಿ ಒಂದು ಸ್ಥಿತಿಯನ್ನು ಗುರುತಿಸುವ ಈ ಕೆಲಸಕ್ಕೆ ಬಿಯಾನ್‌ಜೆಂಗ್ ಎನ್ನುತ್ತಾರೆ. ರೋಗ ಒಂದೇ ಆದರೂ ಸ್ಥಿತಿ ಬೇರೆಯಾದರೆ ಮದ್ದು ಬೇರೆ. ರೋಗ ಬೇರೆಬೇರೆಯಾದರೂ ಸ್ಥಿತಿ ಒಂದೇ ಆದರೆ ಮದ್ದೂ ಒಂದೇ. ಮೂರು ದಿನಕ್ಕೆ ಸ್ಥಿತಿ ಬದಲಾದರೆ ಚೀಟಿಯೂ ಬದಲಾಗಬೇಕು. ಹಳೆಯ ಚೀಟಿಯ ಮದ್ದನ್ನೇ ತಿಂಗಳುಗಟ್ಟಲೆ ಮುಂದುವರಿಸುವುದು ಆ ಪದ್ಧತಿಯ ಒಳಗಿನ ಲೆಕ್ಕದಲ್ಲೇ ತಪ್ಪು.

ಉಷ್ಣ ಎರಡು ಬಗೆ

ಪಪ್ಪಾಯಿ ಉಷ್ಣ, ಎಳನೀರು ತಂಪು ಎಂದು ಕೇಳಿಕೊಂಡೇ ಬೆಳೆದವರಿಗೆ ಯಿನ್-ಯಾಂಗ್ ಕಷ್ಟವಾಗಬಾರದು. ಇವು ದೇಹದೊಳಗೆ ಹರಿಯುವ ಎರಡು ದ್ರವಗಳಲ್ಲ, ಒಂದಕ್ಕೊಂದು ಹೋಲಿಸಿ ಹೇಳುವ ಎರಡು ಮಗ್ಗುಲುಗಳು. ತಂಪು, ತೇವ, ನಿಶ್ಚಲತೆ, ಒಳಗು, ಕೆಳಗು ಇವೆಲ್ಲ ಯಿನ್. ಬಿಸಿ, ಚಲನೆ, ಹೊರಗು, ಮೇಲು ಇವೆಲ್ಲ ಯಾಂಗ್. ಇಷ್ಟು ಹೇಳಿ ನಿಲ್ಲಿಸಿದರೆ ಅದು ಬರೀ ತತ್ತ್ವ. ಚಿಕಿತ್ಸೆಗೆ ಉಪಯೋಗವಾಗುವುದು ಮುಂದಿನ ಹೆಜ್ಜೆ: ಮೈ ಬಿಸಿಯಾಗಲು ಎರಡು ದಾರಿಗಳಿವೆ. ಯಾಂಗ್ ಅತಿಯಾದರೂ ಉಷ್ಣ, ಯಿನ್ ಬತ್ತಿದರೂ ಉಷ್ಣ.

ಮೊದಲ ಬಗೆಯವರ ಮುಖ ಕೆಂಪು, ದನಿ ಜೋರು. ಅವರು ತಣ್ಣೀರು ಕೇಳುತ್ತಾರೆ, ನಾಲಿಗೆಯ ಮೇಲೆ ದಪ್ಪ ಹಳದಿ ಲೇಪ, ನಾಡಿ ವೇಗವಾಗಿ ಬಲವಾಗಿ ಬಡಿಯುತ್ತದೆ. ಎರಡನೆಯ ಬಗೆಯವರು ಸೊರಗಿದ್ದಾರೆ. ಮಧ್ಯಾಹ್ನದ ಮೇಲೆ ಅಂಗೈ ಅಂಗಾಲು ಉರಿ, ರಾತ್ರಿ ನಿದ್ದೆಯಲ್ಲಿ ಬೆವರು, ನಾಲಿಗೆ ಕೆಂಪಾಗಿ ಲೇಪವೇ ಇಲ್ಲದೆ ಬೋಳಾಗಿದೆ, ನಾಡಿ ವೇಗವಿದ್ದರೂ ದಾರದಷ್ಟು ತೆಳು. ಮೊದಲನೆಯವರಿಗೆ ಕಹಿಯಾದ, ತಂಪಿನ ಮದ್ದು ಕೊಟ್ಟು ಉಷ್ಣ ಇಳಿಸಬೇಕು. ಅದನ್ನೇ ಎರಡನೆಯವರಿಗೆ ಕೊಟ್ಟರೆ ಹಸಿವು ಸತ್ತು ಭೇದಿಯಾಗಿ ಇನ್ನಷ್ಟು ಸೊರಗುತ್ತಾರೆ. ಅವರಿಗೆ ಬೇಕಾದದ್ದು ಪೋಷಣೆ. ಸಾಂಗ್ ರಾಜವಂಶದ ಕಾಲದ ಮಕ್ಕಳ ವೈದ್ಯ ಚಿಯಾನ್ ಯೀ ರೂಢಿಗೆ ತಂದ, ಇಂದಿಗೂ ಚೀನಾದ ಔಷಧಿ ಅಂಗಡಿಗಳಲ್ಲೆಲ್ಲ ಸಿಗುವ ಲಿಯುವೇಯ್ ದಿಹ್ವಾಂಗ್ ಮಾತ್ರೆ ಇರುವುದು ಇದಕ್ಕೇ. ಅದರಲ್ಲಿ ಆರು ಮೂಲಿಕೆ, ಪ್ರಮಾಣ 8:4:4:3:3:3. ಮೊದಲ ಮೂರು ತುಂಬಿಕೊಡುತ್ತವೆ, ಉಳಿದ ಮೂರು ಜಿಡ್ಡು ಕಟ್ಟದಂತೆ ಹೊರಹಾಕುತ್ತವೆ. ಜೀರ್ಣಶಕ್ತಿ ಕುಗ್ಗಿ ಹೊಟ್ಟೆ ಭಾರವಾಗಿರುವವರು ಇದನ್ನು ಟಾನಿಕ್ ಎಂದು ತಿಂದರೆ ಹೊಟ್ಟೆ ಉಬ್ಬರ ಖಂಡಿತ.

ಬಿಸಿ-ತಂಪು, ಹೊರಗು-ಒಳಗು, ಕೊರತೆ-ಅತಿ ಎಂಬ ಮೂರು ಜೋಡಿ, ಇವನ್ನೆಲ್ಲ ಒಳಗೊಳ್ಳುವ ಯಿನ್-ಯಾಂಗ್ ಎಂಬ ನಾಲ್ಕನೆಯ ಜೋಡಿ: ಹೀಗೆ ಒಟ್ಟು ಎಂಟು ಅಳತೆಗೋಲುಗಳು. ಯಾವ ರೋಗಿ ಬಂದರೂ ವೈದ್ಯರು ಮೊದಲು ಹಾಕುವುದು ಈ ಎಂಟರ ಲೆಕ್ಕ.

ಚೀ, ಅಂದರೆ ಜೀವಶಕ್ತಿ ಎಂಬುದರ ಸುತ್ತ ಬೇಕಾದಷ್ಟು ಮಂತ್ರ-ಮಾಯೆಯ ಮಾತು ಕಟ್ಟಿದ್ದಾರೆ. ಚಿಕಿತ್ಸಾಲಯದಲ್ಲಿ ಅದರ ಬಳಕೆ ಬಹಳ ಸಾದಾ. ದೇಹವನ್ನು ನಡೆಸುವುದು, ಬೆಚ್ಚಗಿಡುವುದು, ಹೊರಗಿನದನ್ನು ತಡೆಯುವುದು, ಜಾರಿಹೋಗದಂತೆ ಹಿಡಿದಿಡುವುದು, ತಿಂದದ್ದನ್ನು ರಕ್ತ-ರಸವಾಗಿ ಮಾರ್ಪಡಿಸುವುದು ಅದರ ಕೆಲಸ. ಚೀ ಕಡಿಮೆಯಾದವರು ನಾಲ್ಕು ಮೆಟ್ಟಿಲು ಹತ್ತಿದರೆ ಬೆವರುತ್ತಾರೆ, ಮಾತು ಮೆಲ್ಲಗೆ, ಪದೇ ಪದೇ ನೆಗಡಿ. ಚೀ ಕಟ್ಟಿಕೊಂಡವರಿಗೆ ಪಕ್ಕೆಯಲ್ಲೋ ಹೊಟ್ಟೆಯಲ್ಲೋ ಉಬ್ಬಿದಂಥ ನೋವು. ಅದು ಜಾಗ ಬದಲಿಸುತ್ತದೆ, ಸಿಟ್ಟು ಬಂದಾಗ ಹೆಚ್ಚುತ್ತದೆ, ತೇಗು ಬಂದರೆ ಹಗುರ. ಕೆಳಗಿಳಿಯಬೇಕಾದ ಚೀ ಮೇಲಕ್ಕೇರಿದರೆ ಕೆಮ್ಮು, ಬಿಕ್ಕಳಿಕೆ, ವಾಂತಿ. ರಕ್ತ ಕಟ್ಟಿದ್ದರೆ ನೋವು ಒಂದೇ ಜಾಗದಲ್ಲಿ ಚುಚ್ಚುತ್ತದೆ, ನಾಲಿಗೆ ನೇರಳೆ ಬಣ್ಣಕ್ಕೆ ತಿರುಗಿರುತ್ತದೆ.

ಅಂಗಗಳ ವಿಚಾರದಲ್ಲಿ ಹೊಸಬರು ಎಡವುವುದೇ ಹೆಚ್ಚು. ಚೀನೀ ವೈದ್ಯರು ಗುಲ್ಮ ದುರ್ಬಲ ಎಂದರೆ ಜೀರ್ಣಶಕ್ತಿ ಕುಗ್ಗಿದೆ, ತಿಂದದ್ದು ಮೈಗೆ ಹತ್ತುತ್ತಿಲ್ಲ ಎಂದು ಅರ್ಥ. ಕಿಡ್ನಿ ವೀಕ್ ಎಂದರೆ ಕ್ರಿಯಾಟಿನಿನ್ ಪರೀಕ್ಷೆಗೆ ಓಡಬೇಕಿಲ್ಲ. ಸೊಂಟದ ಸೋಲು, ಕಿವಿಯಲ್ಲಿ ಗುಯ್‌ಗುಡುವುದು, ರಾತ್ರಿ ಮೂರು ಸಲ ಮೂತ್ರಕ್ಕೆ ಏಳುವುದು, ಸಂತಾನಶಕ್ತಿ ಕುಂದುವುದು ಇವುಗಳ ಗುಂಪಿಗೆ ಆ ಹೆಸರು. ಸ್ಕ್ಯಾನಿನಲ್ಲಿ ಕಾಣುವ ಅಂಗಕ್ಕೂ ಇದಕ್ಕೂ ಅರ್ಧಂಬರ್ಧ ನಂಟು ಮಾತ್ರ.

ಇನ್ನು ಪಂಚ ತತ್ತ್ವ: ಮರ, ಬೆಂಕಿ, ಮಣ್ಣು, ಲೋಹ, ನೀರು. ನಮ್ಮ ಪಂಚಭೂತಗಳಲ್ಲಿರುವ ವಾಯು, ಆಕಾಶ ಇಲ್ಲಿಲ್ಲ, ಮರವೂ ಲೋಹವೂ ಅಲ್ಲಿಲ್ಲ. ನಮ್ಮವು ವಸ್ತುವಿನ ಮೂಲದ್ರವ್ಯಗಳು. ಇವು ಬದಲಾವಣೆಯ ಐದು ಘಟ್ಟಗಳು, ಒಂದು ಇನ್ನೊಂದನ್ನು ಹುಟ್ಟಿಸುತ್ತದೆ, ಮತ್ತೊಂದನ್ನು ಹದ್ದುಬಸ್ತಿನಲ್ಲಿಡುತ್ತದೆ. ಯಕೃತ್ತು-ಮರ-ವಸಂತ-ಹುಳಿ-ಕೋಪ, ಮೂತ್ರಪಿಂಡ-ನೀರು-ಚಳಿಗಾಲ-ಉಪ್ಪು-ಭಯ ಎಂಬ ಸಾಲುಸಾಲು ಜೋಡಣೆಗಳಲ್ಲಿ ಅರ್ಧ ಅನುಭವ, ಅರ್ಧ ಪಟ್ಟಿ ತುಂಬಿಸುವ ಹಟ. ಇಡೀ ಸಿದ್ಧಾಂತದಲ್ಲಿ ತೀರಾ ಸಡಿಲವಾದ ಭಾಗ ಇದು. ಕೆಲವೆಡೆ ಉಪಯೋಗಕ್ಕೆ ಬರುತ್ತದೆ ನಿಜ: ಮನಸ್ಸಿಗೆ ಒತ್ತಡವಾದಾಗಲೆಲ್ಲ ಹೊಟ್ಟೆ ನುಲಿದು ಭೇದಿಯಾಗುವವರನ್ನು ಕಂಡರೆ ಮರವು ಮಣ್ಣನ್ನು ತುಳಿಯುತ್ತಿದೆ ಎಂದು ಹೇಳಿ, ಗುಲ್ಮವನ್ನು ಬಲಪಡಿಸುವ, ಯಕೃತ್ತನ್ನು ಸಮಾಧಾನ ಮಾಡುವ ನಾಲ್ಕೇ ಮೂಲಿಕೆಗಳ ಕಷಾಯ ಕೊಡುತ್ತಾರೆ.

ನಾಲಿಗೆ ಚಾಚಿ, ಕೈ ಕೊಡಿ

ಪರೀಕ್ಷೆ ನಾಲ್ಕು ಬಗೆ: ನೋಡುವುದು, ಕೇಳಿಸಿಕೊಳ್ಳುವುದು (ಮೂಸಿನೋಡುವುದೂ ಇದರಲ್ಲೇ ಸೇರುತ್ತದೆ), ಪ್ರಶ್ನೆ ಕೇಳುವುದು, ಮುಟ್ಟುವುದು. ಹೆಚ್ಚಿನ ಮಾಹಿತಿ ಸಿಗುವುದು ಪ್ರಶ್ನೆಗಳಿಂದಲೇ: ಚಳಿಯೋ ಸೆಕೆಯೋ, ಬೆವರು ಯಾವಾಗ, ಬಾಯಾರಿದರೆ ಬಿಸಿನೀರು ಬೇಕೋ ತಣ್ಣೀರೋ, ಮಲ ಗಟ್ಟಿಯೋ ತೆಳುವೋ, ನಿದ್ದೆ, ಮುಟ್ಟು, ಒತ್ತಿದರೆ ನೋವು ಹೆಚ್ಚುತ್ತದೋ ಹಿತವಾಗುತ್ತದೋ. ಒತ್ತಿದಾಗ ಹಿತವಾದರೆ ಕೊರತೆ, ಒತ್ತಲು ಬಿಡದಿದ್ದರೆ ಅತಿ ಎಂಬುದು ಹಳೆಯ ಸೂತ್ರ. ಮಾತಾಡಿಸದೆ ಬರೀ ಕೈ ಹಿಡಿದು ರೋಗವೆಲ್ಲ ಹೇಳುತ್ತೇನೆ ಎನ್ನುವವರ ಬಗ್ಗೆ ಚೀನಾದ ಹಳೆಯ ವೈದ್ಯರೇ ಗೇಲಿ ಮಾಡಿದ್ದಾರೆ.

ನಾಲಿಗೆ ನೋಡುವುದಕ್ಕೆ ಹಗಲು ಬೆಳಕು ಬೇಕು. ತುದಿ ಹೃದಯ ಮತ್ತು ಶ್ವಾಸಕೋಶಕ್ಕೆ, ನಡು ಗುಲ್ಮ ಮತ್ತು ಜಠರಕ್ಕೆ, ಅಂಚು ಯಕೃತ್ತು ಮತ್ತು ಪಿತ್ತಕೋಶಕ್ಕೆ, ಬುಡ ಮೂತ್ರಪಿಂಡಕ್ಕೆ ಎಂದು ಹಂಚಿಕೆ. ನಾಲಿಗೆಯ ಬಣ್ಣ, ಗಾತ್ರ, ಬಿರುಕು, ಅಂಚಿನಲ್ಲಿ ಹಲ್ಲಿನ ಗುರುತು, ಲೇಪದ ಬಣ್ಣ ಮತ್ತು ದಪ್ಪ, ತೇವ ಇಷ್ಟನ್ನೂ ನೋಡಬೇಕು. ತಪ್ಪುವುದು ಮೂರು ಕಾರಣಕ್ಕೆ. ಒಂದು, ರೋಗಿ ಬಲವಂತವಾಗಿ ಚಾಚಿ ಹಿಡಿದುಕೊಂಡರೆ ಅರ್ಧ ನಿಮಿಷದೊಳಗೆ ನಾಲಿಗೆಯೇ ಕಪ್ಪಿಡುತ್ತದೆ. ಹತ್ತಿಪ್ಪತ್ತು ಸೆಕೆಂಡು ನೋಡಿ ಒಳಗೆ ಎಳೆದುಕೊಳ್ಳಲು ಹೇಳಿ ಮತ್ತೆ ಚಾಚಿಸಬೇಕು. ಎರಡು, ಕಾಫಿ, ಅರಿಸಿನ, ಎಲೆಅಡಿಕೆ ಲೇಪಕ್ಕೆ ಬಣ್ಣ ಹಿಡಿಸುತ್ತವೆ. ಮೂರು, ಬೆಳಿಗ್ಗೆ ನಾಲಿಗೆ ಹೆರೆದುಕೊಂಡು ಬಂದಿದ್ದರೆ ನೋಡಬೇಕಾದ ಲೇಪವೇ ಅಲ್ಲಿರುವುದಿಲ್ಲ.

ನಾಡಿ ನೋಡುವಾಗ ಕೈ ಹೃದಯದ ಮಟ್ಟದಲ್ಲಿ ಅಂಗಾತ ಇರಬೇಕು, ಮಣಿಕಟ್ಟಿನ ಕೆಳಗೆ ಸಣ್ಣ ದಿಂಬು. ಹೆಬ್ಬೆರಳ ಕಡೆ ಮಣಿಕಟ್ಟಿನ ಹಿಂದೆ ಉಬ್ಬಿದ ಮೂಳೆಯ ಪಕ್ಕಕ್ಕೆ ನಡುಬೆರಳು, ಅದರ ಮುಂದೆ ತೋರುಬೆರಳು, ಹಿಂದೆ ಉಂಗುರಬೆರಳು. ಎಡಗೈಯಲ್ಲಿ ಈ ಮೂರು ಜಾಗ ಕ್ರಮವಾಗಿ ಹೃದಯ, ಯಕೃತ್ತು, ಮೂತ್ರಪಿಂಡ. ಬಲಗೈಯಲ್ಲಿ ಶ್ವಾಸಕೋಶ, ಗುಲ್ಮ, ಮತ್ತೆ ಮೂತ್ರಪಿಂಡ. ಪ್ರತಿ ಜಾಗದಲ್ಲೂ ಹಗುರವಾಗಿ, ನಡುವೆ, ಮೂಳೆ ಮುಟ್ಟುವಷ್ಟು ಎಂದು ಮೂರು ಒತ್ತಡ. ವೈದ್ಯರ ಒಂದು ಉಸಿರಿಗೆ ನಾಲ್ಕೈದು ಬಡಿತವಾದರೆ ಸಹಜ, ಮೂರು ಅಥವಾ ಕಡಿಮೆಯಾದರೆ ತಂಪು, ಆರಾದರೆ ಉಷ್ಣ. ತೇಲುವ, ಮುಳುಗಿದ, ಜಾರುವ, ತಂತಿಯಂಥ, ಬಿಗಿದ ಹಗ್ಗದಂಥ ಎಂದು ಹೆಸರಿಟ್ಟ ನಾಡಿಗಳನ್ನು ಮೂರನೇ ಶತಮಾನದ ವಾಂಗ್ ಶೂಹ 24 ಎಂದು ಎಣಿಸಿದರು, 16ನೇ ಶತಮಾನದ ಲೀ ಶಿಜೆನ್ 27 ಎಂದರು. ಮೆಟ್ಟಿಲು ಹತ್ತಿ ಬಂದ ತಕ್ಷಣ, ಊಟವಾದ ತಕ್ಷಣ ನೋಡಿದ ನಾಡಿ ಲೆಕ್ಕಕ್ಕಿಲ್ಲ.

ನಾಡಿಯ ಮಿತಿಯನ್ನೂ ಹೇಳಬೇಕು. ತೇಲು-ಮುಳುಗು, ವೇಗ-ನಿಧಾನ, ಬಲ-ದುರ್ಬಲ ಇವನ್ನು ಯಾರು ಬೇಕಾದರೂ ಕಲಿಯಬಹುದು. ಅದರಾಚೆ ಸೂಕ್ಷ್ಮಕ್ಕೆ ಹೋದಂತೆ ಒಬ್ಬ ವೈದ್ಯರು ಹೇಳಿದ್ದು ಇನ್ನೊಬ್ಬರು ಹೇಳಿದ್ದಕ್ಕೆ ಹೊಂದುವುದು ಕಡಿಮೆ ಎಂದು ಪರೀಕ್ಷೆಗಳಲ್ಲಿ ಕಂಡಿದೆ. ಆಯುರ್ವೇದದಲ್ಲೂ ಮೂರು ಬೆರಳಿನ ನಾಡಿ ಪರೀಕ್ಷೆ ಇದೆ, ಆದರೆ ಅಲ್ಲಿ ಬೆರಳುಗಳು ವಾತ, ಪಿತ್ತ, ಕಫಗಳನ್ನು ಹುಡುಕುತ್ತವೆ. ಅದು ಶಾರ್ಙ್ಗಧರ ಸಂಹಿತೆಯ ಕಾಲದಿಂದ ಈಚೆಗೆ ಪ್ರಚಾರಕ್ಕೆ ಬಂದದ್ದು. ಚೀನಾದಲ್ಲಿ ಅದಕ್ಕಿಂತ ಸಾವಿರ ವರ್ಷಕ್ಕೂ ಹಿಂದಿನಿಂದಲೇ ನಾಡಿ ಪರೀಕ್ಷೆ ಇದೆ.

ಮೂರು ಕಷಾಯ

ಈಗ ಆ ಮೂವರ ಹತ್ತಿರ ಹೋಗೋಣ. ಕ್ರಿ.ಶ. 200ರ ಸುಮಾರಿಗೆ ಜಾಂಗ್ ಜೋಂಗ್‌ಜಿಂಗ್ ಎಂಬ ವೈದ್ಯರು ಬರೆದ ಶಾಂಗ್‌ಹಾನ್ ಲುನ್ ಎಂಬ ಗ್ರಂಥ ಇಂದಿಗೂ ಪಠ್ಯ. ಅದರಲ್ಲಿ ತತ್ತ್ವದ ಉಪದೇಶ ಕಡಿಮೆ. ಇಂಥ ಲಕ್ಷಣ ಇದ್ದರೆ ಈ ಕಷಾಯ, ತಪ್ಪಾದರೆ ಹೀಗಾಗುತ್ತದೆ, ಆಗ ಈ ಕಷಾಯ ಎಂದು ನೇರವಾಗಿ ಹೇಳಿಕೊಂಡು ಹೋಗುತ್ತದೆ.

ಬೆವರಿರುವ ಮೊದಲನೆಯವರಿಗೆ ಗುಯ್‌ಜಿ ಕಷಾಯ: ದಾಲ್ಚಿನ್ನಿ ಜಾತಿಯ ಮರದ ಎಳೆ ಕಡ್ಡಿ 9 ಗ್ರಾಂ, ಪಿಯೋನಿ ಎಂಬ ಹೂಗಿಡದ ಬೇರು 9 ಗ್ರಾಂ, ಹುರಿದ ಜ್ಯೇಷ್ಠಮಧು 6 ಗ್ರಾಂ, ಹಸಿ ಶುಂಠಿ 9 ಗ್ರಾಂ, ಚೀನೀ ಬೋರೆಹಣ್ಣು ಮೂರ್ನಾಲ್ಕು. ಕಡ್ಡಿ ಇಲ್ಲಿ ರಾಜ, ಮೈಯ ಹೊರಪದರವನ್ನು ಬೆಚ್ಚಗೆ ಮಾಡಿ ತೆರೆಯುತ್ತದೆ. ಪಿಯೋನಿ ಮಂತ್ರಿ, ಬೆವರು ಅತಿಯಾಗಿ ಸೋರದಂತೆ ಹಿಡಿಯುತ್ತದೆ. ಶುಂಠಿಯೂ ಬೋರೆಯೂ ಸಹಾಯಕರು, ಜ್ಯೇಷ್ಠಮಧು ಎಲ್ಲರನ್ನೂ ಹೊಂದಿಸುವ ದೂತ. ಚೀನೀ ಕಷಾಯಗಳಲ್ಲಿ ಒಂಟಿ ಮೂಲಿಕೆ ಅಪರೂಪ. ಪ್ರತಿಯೊಂದಕ್ಕೂ ಹೀಗೆ ಒಂದು ಹುದ್ದೆ ಇರುತ್ತದೆ. ಮೂಲ ಗ್ರಂಥದ ಪ್ರಮಾಣ ಇದಕ್ಕಿಂತ ಬಹಳ ದೊಡ್ಡದು. ಗ್ರಂಥ ಹುಟ್ಟಿದ ಹಾನ್ ರಾಜವಂಶದ ಕಾಲದ ಒಂದು ಲಿಯಾಂಗ್ ತೂಕ ಸುಮಾರು 15 ಗ್ರಾಂ ಎಂದು ಆ ಕಾಲದ ತೂಕದ ಬಟ್ಟುಗಳಿಂದ ತಿಳಿಯುತ್ತದೆ, ಇಂದಿನ ಪಠ್ಯಪುಸ್ತಕ ಅದನ್ನು 3 ಗ್ರಾಂ ಎಂದು ಹಿಡಿಯುತ್ತದೆ. ಯಾವುದು ಸರಿ ಎಂಬ ಜಗಳ ಚೀನಾದ ವೈದ್ಯರಲ್ಲೇ ಮುಗಿದಿಲ್ಲ.

ಕುಡಿಯುವ ಕ್ರಮ ಕಷಾಯದಷ್ಟೇ ಮುಖ್ಯ. ಏಳು ಪಾಲು ನೀರು ಸಣ್ಣ ಉರಿಯಲ್ಲಿ ಮೂರು ಪಾಲಿಗೆ ಇಳಿಯಬೇಕು. ಒಂದು ಪಾಲು, ಅಂದರೆ ಸುಮಾರು 200 ಮಿ.ಲೀ., ಬೆಚ್ಚಗೆ ಕುಡಿದು, ಸ್ವಲ್ಪ ಹೊತ್ತಿನಲ್ಲೇ ಅಷ್ಟೇ ಬಿಸಿ ಗಂಜಿ ಕುಡಿದು, ಎರಡು ಗಂಟೆ ಹೊದ್ದು ಮಲಗಬೇಕು. ಮೈಯೆಲ್ಲ ಸಣ್ಣಗೆ ತೇವವಾಗುವಷ್ಟು ಬೆವರು ಬಂದರೆ ಸಾಕು. ನೀರು ಹರಿದಂತೆ ಬೆವರಿದರೆ ರೋಗ ಹೋಗುವುದಿಲ್ಲ ಎಂದು ಗ್ರಂಥ ಸ್ಪಷ್ಟವಾಗಿ ಎಚ್ಚರಿಸುತ್ತದೆ. ಒಂದೇ ಪಾಲಿಗೆ ಗುಣವಾದರೆ ಉಳಿದದ್ದನ್ನು ಕುಡಿಯಬಾರದು. ಬೆವರದಿದ್ದರೆ ಎರಡನೆಯ ಪಾಲು, ನಂತರದ್ದು ಇನ್ನೂ ಬೇಗ. ಹಸಿಯದು, ತಣ್ಣಗಿನದು, ಜಿಗುಟು, ಮಾಂಸ, ಹೆಂಡ, ಹಾಲಿನ ಪದಾರ್ಥ ಆ ದಿನ ಬೇಡ. ಜ್ವರ ಬಂದಾಗ ಗಂಜಿಯ ಪಥ್ಯ ಹಿಡಿದವರಿಗೆ ಇದೇನೂ ಹೊಸದಲ್ಲ.

ಬೆವರಿಲ್ಲದೆ ನಡುಗುವ ಎರಡನೆಯವರಿಗೆ ಮಾಹ್ವಾಂಗ್ ಕಷಾಯ: ಎಫೆಡ್ರಾ ಕಡ್ಡಿ 9 ಗ್ರಾಂ, ದಾಲ್ಚಿನ್ನಿ ಕಡ್ಡಿ 6, ಕಹಿ ಏಪ್ರಿಕಾಟ್ ಬೀಜ 9, ಹುರಿದ ಜ್ಯೇಷ್ಠಮಧು 3. ಎಫೆಡ್ರಾ ಒಂದನ್ನೇ ಮೊದಲು ಕುದಿಸಿ, ಮೇಲೆ ಬರುವ ನೊರೆ ತೆಗೆದು, ಆಮೇಲೆ ಉಳಿದವನ್ನು ಹಾಕಬೇಕು. ನೊರೆ ಉಳಿದರೆ ಎದೆ ತಳಮಳಿಸುತ್ತದೆ ಎಂಬುದು ಹಳಬರ ಅನುಭವ. ಇದಕ್ಕೆ ಗಂಜಿ ಬೇಡ, ಹೊದ್ದರೆ ಸಾಕು, ಮದ್ದೇ ಅಷ್ಟು ಜೋರು. ಅದರಲ್ಲಿರುವ ಎಫೆಡ್ರಿನ್ನನ್ನು 1885ರಲ್ಲಿ ಜಪಾನಿನ ನಾಗಾಯ್ ನಾಗಯೋಶಿ ಬೇರ್ಪಡಿಸಿದರು. ಮುಂದೆ ಅದು ಆಸ್ತಮಾದ ಇಂಗ್ಲಿಷ್ ಮದ್ದೂ ಆಯಿತು. ಬಿಪಿ, ಹೃದ್ರೋಗ, ನಿದ್ರಾಹೀನತೆ ಇರುವವರಿಗೆ ಇದು ಅಪಾಯ. ತೂಕ ಇಳಿಸುವ ಮಾತ್ರೆಯಾಗಿ ಮಾರಾಟವಾಗಿ ಸಾವುಗಳಾದ ಮೇಲೆ ಅಮೆರಿಕ 2004ರಲ್ಲಿ ಎಫೆಡ್ರಾ ಪೂರಕಗಳನ್ನು ನಿಷೇಧಿಸಿತು. ಏಪ್ರಿಕಾಟ್ ಬೀಜವೂ ಸಾಧುವಲ್ಲ, ಅಳತೆ ಮೀರಿದರೆ ಹೊಟ್ಟೆಯಲ್ಲಿ ಸಯನೈಡ್ ಬಿಡುತ್ತದೆ.

ಮೊದಲನೆಯವರು ಎರಡನೆಯವರ ಕಷಾಯ ಕುಡಿದರೆ? ಮೊದಲೇ ಬೆವರುತ್ತಿದ್ದವರು ಇನ್ನಷ್ಟು ಬೆವರಿ ಸೋತುಹೋಗುತ್ತಾರೆ. ಅತಿಯಾಗಿ ಬೆವರಿಸಿದ ರೋಗಿ ಎದೆ ಡವಗುಟ್ಟಿ ಎರಡೂ ಕೈಗಳನ್ನು ಎದೆಯ ಮೇಲೆ ಒತ್ತಿ ಹಿಡಿದುಕೊಳ್ಳುತ್ತಾನೆ ಎಂದು ಶಾಂಗ್‌ಹಾನ್ ಲುನ್ ಬರೆಯುತ್ತದೆ. ಹದಿನೆಂಟು ಶತಮಾನ ಹಳೆಯ ಆ ಒಂದು ಸಾಲಿನಲ್ಲಿ ರೋಗಿ ಕಣ್ಣೆದುರೇ ಬಂದು ಕೂರುತ್ತಾನೆ.

ಮೂರನೆಯವರ ಗಂಟಲುರಿಗೆ ಶುಂಠಿ-ದಾಲ್ಚಿನ್ನಿ ಕೊಟ್ಟರೆ ಬೆಂಕಿಗೆ ತುಪ್ಪ. ಅವರಿಗೆ ಬೇಕಾದ ಯಿನ್‌ಚಿಯಾವ್ ಪುಡಿಯನ್ನು ಕೊಟ್ಟವರು 18ನೇ ಶತಮಾನದ ಕೊನೆಯಲ್ಲಿದ್ದ ವೂ ಜೂತೋಂಗ್. ಹಳೆಯ ಬಿಸಿ ಕಷಾಯಗಳು ಅಂಟುಜ್ವರಗಳಿಗೆ ಒಗ್ಗುವುದಿಲ್ಲ ಎಂದು ಕಂಡುಕೊಂಡವರ ಪರಂಪರೆ ಅವರದು. ಹನಿಸಕಲ್ ಮೊಗ್ಗು, ಫಾರ್ಸಿಥಿಯಾ ಕಾಯಿ ಮುಖ್ಯ, ಜೊತೆಗೆ ಪುದೀನ, ಹುದುಗಿಸಿದ ಸೋಯಾ ಮುಂತಾದವು. ಇವನ್ನು ಜೊಂಡಿನ ಬೇರಿನ ನೀರಿನಲ್ಲಿ ಕುದಿಸಿ, ಘಮ ಜೋರಾಗಿ ಎದ್ದ ಕೂಡಲೇ ಇಳಿಸಬೇಕು. ಗಂಟೆಗಟ್ಟಲೆ ಕುದಿಸಿದರೆ ಸುವಾಸನೆಯ ಎಣ್ಣೆಯೆಲ್ಲ ಆವಿಯಾಗಿ ಬರೀ ಕಹಿನೀರು ಉಳಿಯುತ್ತದೆ.

ಸಾಮಾನ್ಯ ಕಷಾಯಗಳಿಗೂ ಇಂಥ ನಿಯಮಗಳಿವೆ. ಮಣ್ಣಿನ ಅಥವಾ ಗಾಜಿನ ಪಾತ್ರೆ ಒಳ್ಳೆಯದು, ಸ್ಟೀಲ್ ನಡೆಯುತ್ತದೆ, ಕಬ್ಬಿಣ ಬೇಡ, ಒಗರಿನ ಅಂಶ ಕಬ್ಬಿಣದ ಜೊತೆ ಸೇರಿ ಕಪ್ಪಾಗುತ್ತದೆ. ಮೂಲಿಕೆಗಳ ಮೇಲೆ ಎರಡು ಬೆರಳು ನೀರು ನಿಲ್ಲುವಂತೆ ಅರ್ಧ ಗಂಟೆ ತಣ್ಣೀರಿನಲ್ಲಿ ನೆನೆಸಿ, ಜೋರು ಉರಿಯಲ್ಲಿ ಕುದಿ ಬರಿಸಿ, ಸಣ್ಣ ಉರಿಯಲ್ಲಿ 20-30 ನಿಮಿಷ. ಸೋಸಿ, ಮತ್ತೆ ನೀರು ಹಾಕಿ ಎರಡನೆಯ ಸಲ ಕುದಿಸಿ, ಎರಡನ್ನೂ ಬೆರೆಸಿ ಬೆಳಿಗ್ಗೆ-ಸಂಜೆಗೆ ಹಂಚಿಕೊಳ್ಳಬೇಕು. ಚಿಪ್ಪು, ಖನಿಜ ಇದ್ದರೆ ಅವು ಅರ್ಧ ಗಂಟೆ ಮೊದಲೇ ಕುದಿಯಬೇಕು. ಪುದೀನದಂಥವು ಕೊನೆಯ ಐದು ನಿಮಿಷಕ್ಕೆ. ರೋಮ ಇರುವ ಹೂ, ಲೋಳೆ ಬಿಡುವ ಸಣ್ಣ ಬೀಜಗಳನ್ನು ಬಟ್ಟೆಯಲ್ಲಿ ಕಟ್ಟಿ ಹಾಕದಿದ್ದರೆ ಗಂಟಲು ಕೆರೆಯುತ್ತದೆ, ತಳ ಹಿಡಿಯುತ್ತದೆ. ಕತ್ತೆಯ ಚರ್ಮದ ಅಂಟನ್ನು ಕುದಿಸದೆ, ಸೋಸಿದ ಬಿಸಿ ಕಷಾಯದಲ್ಲಿ ಕರಗಿಸುತ್ತಾರೆ.

ಸೂಜಿ

ಸೂಜಿ ಚಿಕಿತ್ಸೆಯಲ್ಲಿ (ಅಕ್ಯುಪಂಕ್ಚರ್) ಚುಚ್ಚುವ ಬಿಂದುಗಳು 361 ಎಂದು ವಿಶ್ವ ಆರೋಗ್ಯ ಸಂಸ್ಥೆಯ 2008ರ ಪ್ರಮಾಣಗ್ರಂಥ ಹೇಳುತ್ತದೆ. ಅಳತೆ ಸೆಂಟಿಮೀಟರಿನಲ್ಲಲ್ಲ, ರೋಗಿಯ ಮೈಯಲ್ಲೇ: ಅವರ ಹೆಬ್ಬೆರಳ ಗೆಣ್ಣಿನ ಅಗಲ ಒಂದು ತ್ಸುನ್, ನಾಲ್ಕು ಬೆರಳ ಅಗಲ ಮೂರು ತ್ಸುನ್, ಮಣಿಕಟ್ಟಿನಿಂದ ಮೊಣಕೈ ಗೆರೆಯವರೆಗೆ ಹನ್ನೆರಡು. ಉದಾಹರಣೆಗೆ ನೇಯ್‌ಗುವಾನ್: ಅಂಗೈ ಮೇಲ್ಮುಖವಾಗಿಟ್ಟು, ಮಣಿಕಟ್ಟಿನ ಗೆರೆಯಿಂದ ಮೊಣಕೈ ಕಡೆಗೆ ಎರಡು ತ್ಸುನ್, ಎರಡು ಸ್ನಾಯುರಜ್ಜುಗಳ ನಡುವಿನ ಕುಳಿ. ಮುಷ್ಟಿ ಬಿಗಿದು ಕೈ ಸ್ವಲ್ಪ ಮಡಚಿದರೆ ರಜ್ಜುಗಳು ಎದ್ದು ಕಾಣುತ್ತವೆ. ಶಸ್ತ್ರಚಿಕಿತ್ಸೆಯ ನಂತರದ ವಾಕರಿಕೆ, ವಾಂತಿಯನ್ನು ಈ ಬಿಂದುವಿನ ಪ್ರಚೋದನೆ ಕಡಿಮೆ ಮಾಡುತ್ತದೆ ಎಂದು ಹಲವು ಪ್ರಯೋಗಗಳನ್ನು ಒಟ್ಟಿಗೆ ತೂಗಿದ ಕಾಕ್ರೇನ್ ವಿಮರ್ಶೆ ಹೇಳಿದೆ. ಬಸ್ಸಿನಲ್ಲಿ ಹೊಟ್ಟೆ ತೊಳೆಸುವವರು ಹೆಬ್ಬೆರಳಿನಿಂದ ಎರಡು ಮೂರು ನಿಮಿಷ ಒತ್ತಿಕೊಂಡು ನೋಡಲು ಅಡ್ಡಿಯಿಲ್ಲ.

ಸೂಜಿ ಸಾಮಾನ್ಯವಾಗಿ 0.25-0.30 ಮಿ.ಮೀ. ದಪ್ಪ, 25-40 ಮಿ.ಮೀ. ಉದ್ದ, ಒಮ್ಮೆ ಬಳಸಿ ಎಸೆಯುವಂಥದ್ದು. ಚುಚ್ಚಿ ಸ್ವಲ್ಪ ತಿರುಗಿಸಿದಾಗ ರೋಗಿಗೆ ಜೋಮು ಹಿಡಿದಂತೆ, ಭಾರವಾದಂತೆ ಅನ್ನಿಸಬೇಕು, ವೈದ್ಯರ ಬೆರಳಿಗೆ ಸೂಜಿ ಸ್ವಲ್ಪ ಹಿಡಿದುಕೊಂಡಂತಾಗಬೇಕು. ಆಮೇಲೆ 20-30 ನಿಮಿಷ ಹಾಗೇ ಬಿಡುತ್ತಾರೆ. ಹಸಿದ ಹೊಟ್ಟೆಯಲ್ಲಿ, ಹೆದರಿಕೊಂಡು, ಕೂತು ಚುಚ್ಚಿಸಿಕೊಂಡ ಹೊಸಬರು ತಲೆ ತಿರುಗಿ ಬೀಳುವುದುಂಟು. ತಕ್ಷಣ ಸೂಜಿ ಕಿತ್ತು ಅಂಗಾತ ಮಲಗಿಸಿ ಕಾಲು ಎತ್ತರಿಸಬೇಕು. ನಿಜವಾದ ಅಪಾಯ ಭುಜದ ಮೇಲಿನ ಜಿಯಾನ್‌ಜಿಂಗ್ ಮತ್ತು ಬೆನ್ನಿನ ಬಿಂದುಗಳಲ್ಲಿದೆ. ಅಲ್ಲಿ ನೇರವಾಗಿ ಆಳಕ್ಕೆ ಚುಚ್ಚಿದರೆ ಶ್ವಾಸಕೋಶಕ್ಕೆ ತೂತು. ಸೂಜಿ ಹಾಕಿಸಿಕೊಂಡು ಮನೆಗೆ ಹೋದ ಮೇಲೆ ಎದೆನೋವು, ಉಸಿರುಕಟ್ಟು ಶುರುವಾದರೆ ಕಾಯದೆ ಆಸ್ಪತ್ರೆಗೆ ಹೋಗಬೇಕು.

ಬಿಂದುಗಳು ಅಷ್ಟು ಕರಾರುವಾಕ್ಕಾಗಿ ಇರಬೇಕೇ? 2007ರಲ್ಲಿ ಪ್ರಕಟವಾದ ಜರ್ಮನಿಯ ದೊಡ್ಡ ಪ್ರಯೋಗದಲ್ಲಿ ದೀರ್ಘಕಾಲದ ಸೊಂಟನೋವಿನ 1162 ಜನರನ್ನು ಮೂರು ಗುಂಪು ಮಾಡಿದರು. ಸರಿಯಾದ ಬಿಂದುಗಳಿಗೆ ಚುಚ್ಚಿಸಿಕೊಂಡವರಲ್ಲಿ ಶೇ. 47.6, ಬಿಂದುವಲ್ಲದ ಕಡೆ ಮೇಲುಮೇಲೆ ಚುಚ್ಚಿಸಿಕೊಂಡವರಲ್ಲಿ ಶೇ. 44.2, ಮಾಮೂಲಿ ಮಾತ್ರೆ-ವ್ಯಾಯಾಮದವರಲ್ಲಿ ಶೇ. 27.4 ಮಂದಿಗೆ ಗುಣ ಕಂಡಿತು. ಸೂಜಿಯವರೂ ವಿರೋಧಿಗಳೂ ಇದನ್ನು ತಮ್ಮ ಗೆಲುವೆಂದೇ ಹೇಳಿಕೊಂಡರು. ಸರಳವಾಗಿ ಓದಿದರೆ, ಚುಚ್ಚಿಸಿಕೊಳ್ಳುವುದರಿಂದ ನೋವು ಇಳಿಯುತ್ತದೆ, ಎಲ್ಲಿ ಚುಚ್ಚಬೇಕೆಂಬ ಸಿದ್ಧಾಂತಕ್ಕೆ ಅದರಿಂದ ಬಲ ಬರಲಿಲ್ಲ.

ಕೊಂದದ್ದು, ಉಳಿಸಿದ್ದು

ಇದೆಲ್ಲ ಎರಡು ಸಾವಿರ ವರ್ಷ ಅಲುಗದೆ ಬಂದ ಜ್ಞಾನ ಎಂದು ಭಾವಿಸಬೇಕಿಲ್ಲ. 1822ರಲ್ಲಿ ಚೀನಾದ ಚಕ್ರವರ್ತಿಯೇ ಅರಮನೆಯ ವೈದ್ಯಾಲಯದಲ್ಲಿ ಸೂಜಿ ಚಿಕಿತ್ಸೆಯನ್ನು ನಿಲ್ಲಿಸಿದ್ದ. 1929ರಲ್ಲಿ ಹಳೆಯ ವೈದ್ಯವನ್ನು ರದ್ದು ಮಾಡುವ ಸರ್ಕಾರಿ ಪ್ರಸ್ತಾವ ಬಂದು, ವೈದ್ಯರೆಲ್ಲ ಶಾಂಘಾಯಿಯಲ್ಲಿ ಸೇರಿ ಪ್ರತಿಭಟಿಸಿ ಅದನ್ನು ತಡೆದರು. ಈಗ ಪಠ್ಯಪುಸ್ತಕದಲ್ಲಿ ಕಾಣುವ ಅಚ್ಚುಕಟ್ಟಾದ ರೂಪ ಬಂದದ್ದು 1950ರ ದಶಕದಲ್ಲಿ. 1956ರಲ್ಲಿ ಬೀಜಿಂಗ್, ಶಾಂಘಾಯಿ, ಗುವಾಂಗ್‌ಜೌ, ಚೆಂಗ್ಡುಗಳಲ್ಲಿ ಕಾಲೇಜು ತೆರೆದಾಗ, ಒಂದಕ್ಕೊಂದು ಜಗಳವಾಡುತ್ತಿದ್ದ ಮನೆತನಗಳ ಮತಗಳನ್ನೆಲ್ಲ ಸೇರಿಸಿ ಒಂದೇ ಪಾಠಪಟ್ಟಿ ಮಾಡಬೇಕಾಯಿತು.

ಆದ್ದರಿಂದ ಇಡೀ ಪದ್ಧತಿಯನ್ನು ಒಪ್ಪುವುದು ಅಥವಾ ತಳ್ಳುವುದಕ್ಕಿಂತ ಒಂದೊಂದೇ ಮದ್ದನ್ನು ತೂಗುವುದು ಮೇಲು. ಮಲೇರಿಯಾ ಮದ್ದು ಹುಡುಕಲು 1967ರ ಮೇ 23ರಂದು ಶುರುವಾದ ಚೀನಾದ ಗುಪ್ತ ಯೋಜನೆಯಲ್ಲಿ ವಿಜ್ಞಾನಿ ತು ಯೂಯೂ ಚಿಂಗ್‌ಹಾವ್ ಎಂಬ ಗಿಡದ ರಸ ಪರೀಕ್ಷಿಸಿದಾಗ ಫಲ ಒಮ್ಮೆ ಬರುತ್ತಿತ್ತು, ಒಮ್ಮೆ ಇಲ್ಲ. ನಾಲ್ಕನೇ ಶತಮಾನದ ಗೆ ಹೋಂಗ್ ಬರೆದಿಟ್ಟಿದ್ದ ಕ್ರಮದಲ್ಲಿ ಕುದಿಸುವ ಮಾತೇ ಇರಲಿಲ್ಲ: ಒಂದು ಹಿಡಿ ಗಿಡ, ಎರಡು ಶೆಂಗ್ (ಹಳೆಯ ಅಳತೆ) ನೀರು, ನೆನೆಸಿ, ಹಿಂಡಿ, ಎಲ್ಲ ಕುಡಿಯಬೇಕು. ಶಾಖವೇ ಸತ್ವ ಕೆಡಿಸುತ್ತಿದೆ ಎಂದು ಊಹಿಸಿ ಅವರು ಕಡಿಮೆ ಉಷ್ಣತೆಯಲ್ಲಿ ಈಥರ್ ಬಳಸಿದರು. 1971ರ ಅಕ್ಟೋಬರಿನಲ್ಲಿ 191ನೇ ಮಾದರಿ ಇಲಿಗಳಲ್ಲಿ ಪೂರ್ತಿ ಫಲ ಕೊಟ್ಟಿತು. ಆರ್ಟೆಮಿಸಿನಿನ್ ಸಿಕ್ಕಿತು, 2015ರಲ್ಲಿ ನೊಬೆಲ್ ಬಂತು. ಗಿಡವನ್ನು ತೋರಿಸಿದ್ದು ಹಳೆಯ ಪುಸ್ತಕ, ಮದ್ದನ್ನಾಗಿ ಮಾಡಿದ್ದು ಪ್ರಯೋಗಾಲಯ. ಯಿನ್-ಯಾಂಗ್ ಲೆಕ್ಕಕ್ಕೆ ಅಲ್ಲಿ ಕೆಲಸವಿರಲಿಲ್ಲ.

ಕೊಂದ ಕಥೆಯಲ್ಲೂ ಒಂದು ಗಿಡವೇ ಇದೆ. 1990ರ ದಶಕದ ಆರಂಭದಲ್ಲಿ ಬ್ರಸೆಲ್ಸಿನಲ್ಲಿ ತೂಕ ಇಳಿಸಲು ಮಾತ್ರೆ ನುಂಗಿದ ಸುಮಾರು ನೂರು ಹೆಂಗಸರ ಮೂತ್ರಪಿಂಡ ಕೆಟ್ಟುಹೋಯಿತು, ಹಲವರಿಗೆ ಮುಂದೆ ಮೂತ್ರನಾಳದ ಕ್ಯಾನ್ಸರ್ ಬಂತು. ಫಾಂಗ್‌ಜಿ ಎಂಬ ಬೇರಿನ ಬದಲು, ಹೆಸರಿನಲ್ಲಿ ಹತ್ತಿರವಾದ ಗುವಾಂಗ್ ಫಾಂಗ್‌ಜಿ ಸೇರಿತ್ತು. ಅದು ಅರಿಸ್ಟೊಲೋಕಿಯಾ ಜಾತಿಯದು. ಅದರ ಆಮ್ಲ ಜೀವಕೋಶದ ಡಿಎನ್‌ಎಗೇ ಅಂಟಿಕೊಳ್ಳುತ್ತದೆ. ಕರ್ನಾಟಕದಲ್ಲಿ ಹಾವಿನ ವಿಷಕ್ಕೆಂದು ನಾಟಿ ಮದ್ದಿನವರು ಬಳಸುವ ಈಶ್ವರಿ ಬಳ್ಳಿಯೂ ಇದೇ ಕುಲ, ಅದೇ ಆಮ್ಲ.

ಫೂಜಿ ಎಂಬ ಬೇರು ವಿಷಗಿಡವಾದ ನಮ್ಮ ವತ್ಸನಾಭಿಯ ದಾಯಾದಿ. ಸಂಸ್ಕರಿಸಿದ ಬೇರು 3ರಿಂದ 15 ಗ್ರಾಂ ಎಂದು ಚೀನಾದ ಔಷಧಕೋಶ ಹೇಳುತ್ತದೆ. ಉಳಿದ ಮೂಲಿಕೆ ಹಾಕುವ ಮೊದಲು ಇದನ್ನು ಅರ್ಧದಿಂದ ಒಂದು ಗಂಟೆ, ಪ್ರಮಾಣ ಹೆಚ್ಚಿದ್ದರೆ ಇನ್ನೂ ಹೆಚ್ಚು ಹೊತ್ತು ಕುದಿಸಬೇಕು. ದೀರ್ಘ ಕುದಿಯಲ್ಲಿ ಅಕೋನಿಟೈನ್ ಒಡೆದು ವಿಷ ಇಳಿಯುತ್ತದೆ. ಅವಸರದಲ್ಲಿ ಇಳಿಸಿದರೆ, ಹೆಂಡದಲ್ಲಿ ನೆನೆಸಿದರೆ ಮೊದಲು ತುಟಿ-ನಾಲಿಗೆ ಜೋಮು, ಆಮೇಲೆ ಕೈಕಾಲು, ಆಮೇಲೆ ಹೃದಯದ ಲಯವೇ ತಪ್ಪುತ್ತದೆ.

ಭಾರತದ ಜೊತೆಗಿನ ಕೊಡುಕೊಳೆ ಹಳೆಯದು. ನಮ್ಮ ಅಳಲೆಕಾಯಿ ಚೀನಾದ ಮದ್ದಿನ ಪಟ್ಟಿಯಲ್ಲಿದೆ, ಕಣ್ಣಿನ ಪೊರೆಯನ್ನು ಸೂಜಿಯಿಂದ ಸರಿಸುವ ವಿದ್ಯೆ ಇಲ್ಲಿಂದ ಅಲ್ಲಿಗೆ ಹೋದದ್ದು. ಅಲ್ಲಿಂದ ಇಲ್ಲಿಗೆ ಸೂಜಿ ತಂದವರಲ್ಲಿ ಮೊದಲಿಗರು 1938ರ ಭಾರತೀಯ ವೈದ್ಯಕೀಯ ತಂಡದಲ್ಲಿ ಕೊಟ್ನಿಸ್ ಜೊತೆ ಚೀನಾಕ್ಕೆ ಹೋಗಿದ್ದ ಡಾ. ಬಿ.ಕೆ. ಬಸು, 1950ರ ದಶಕದ ಕೊನೆಗೆ ಮತ್ತೆ ಹೋಗಿ ಕಲಿತುಬಂದರು. ಕೇಂದ್ರ ಸರ್ಕಾರ 2019ರಲ್ಲಿ ಅಕ್ಯುಪಂಕ್ಚರ್‌ಗೆ ಚಿಕಿತ್ಸಾ ಪದ್ಧತಿಯೆಂದು ಮಾನ್ಯತೆ ಕೊಟ್ಟಿತು, ಪ್ರಕೃತಿ ಚಿಕಿತ್ಸೆಯ ಪದವಿ ಓದುವವರೂ ಅದನ್ನು ಕಲಿಯುತ್ತಾರೆ. ಚೀನೀ ಮೂಲಿಕೆಗಳ ಮಾತು ಬೇರೆ. ಆಯುಷ್ ಪಟ್ಟಿಯಲ್ಲಿ ಈ ಪದ್ಧತಿ ಇಲ್ಲ. ಆನ್‌ಲೈನಿನಲ್ಲಿ ಬರುವ ಡಬ್ಬಿಯೊಳಗೆ ಏನಿದೆ ಎಂದು ಇಲ್ಲಿ ಯಾರೂ ಹೊಣೆ ಹೊರುವುದಿಲ್ಲ. ಕೀಲುನೋವಿನ ಮಾತ್ರೆಯಲ್ಲಿ ಸ್ಟೀರಾಯ್ಡ್, ತೂಕ ಇಳಿಸುವುದರಲ್ಲಿ ಹಸಿವು ಕುಗ್ಗಿಸುವ ಸಿಬುಟ್ರಮಿನ್ ಬೆರೆಸಿ ಮಾರಿದ್ದು ಹಲವು ದೇಶಗಳಲ್ಲಿ ಸಿಕ್ಕಿಬಿದ್ದಿದೆ. ಸಿಂಗಪುರದಲ್ಲಿರುವ ಕನ್ನಡಿಗರಿಗೆ ಅನುಕೂಲ ಹೆಚ್ಚು, ಅಲ್ಲಿ 2000ದ ಕಾಯ್ದೆಯಡಿ ಈ ವೈದ್ಯರು ನೋಂದಣಿ ಮಾಡಿಸಿಕೊಂಡಿರಲೇಬೇಕು.

ಎಲ್ಲಿಯೇ ಆಗಲಿ, ರಕ್ತ ಹೆಪ್ಪುಗಟ್ಟದಂತೆ ತಡೆಯುವ ವಾರ್‌ಫರಿನ್ ತೆಗೆದುಕೊಳ್ಳುವವರು ದಾನ್‌ಶೆನ್, ದಾಂಗ್‌ಗುಯ್ ಎಂಬ ಮೂಲಿಕೆಗಳಿರುವ ಕಷಾಯ ಮುಟ್ಟಬಾರದು, ರಕ್ತಸ್ರಾವವಾಗುತ್ತದೆ. ಬಿಪಿ ಇರುವವರು ಜ್ಯೇಷ್ಠಮಧುವನ್ನು ವಾರಗಟ್ಟಲೆ ಕುಡಿದರೆ ಪೊಟ್ಯಾಸಿಯಂ ಇಳಿದು ಬಿಪಿ ಏರುತ್ತದೆ. ಬಸುರಿಯರಿಗೆ ಹೆಬ್ಬೆರಳು-ತೋರುಬೆರಳ ನಡುವಿನ ಹೆಗೂ ಬಿಂದುವಿಗೆ ಚುಚ್ಚುವುದಿಲ್ಲ. ಆಪರೇಷನ್ ಇದ್ದರೆ ಕುಡಿಯುತ್ತಿರುವ ಕಷಾಯದ ಚೀಟಿಯನ್ನು ಅರಿವಳಿಕೆ ಕೊಡುವ ಡಾಕ್ಟರಿಗೆ ಮೊದಲೇ ತೋರಿಸಬೇಕು.